ನೆಬ್ರಾಸ್ಕಾದಲ್ಲಿ ಒಂದು ತಗ್ಗು

ಎಲ್ಡನ್ ಪ್ರೂಯಿಟ್‌ನ ಗ್ರಹಚಾರ ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಗ್ಲೆಂಡಾಳ ರೂಪದಲ್ಲಿ ಬಂದು ಬಾಗಿಲು ತಟ್ಟಿತು. ಅರಿಜೋನಾದ ಮರಳುಗಾಡಿನ ಆ ಮನೆಗಾಡಿಗಳ ತಂಗುದಾಣಕ್ಕೆ ಗ್ಲೆಂಡಾಳೇ ಮೇಲ್ವಿಚಾರಕಿ. ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಕಿವಿಯ ಮೇಲೆ ಪೆನ್ಸಿಲ್. ಹದಿನಾಲ್ಕನೇ ಜಾಗವನ್ನು ಬೇರೆಯವರು ಆರು ತಿಂಗಳ ಹಿಂದೆಯೇ ಕಾದಿರಿಸಿದ್ದಾರೆ, ನಿನ್ನೆ ಸಂಜೆ ಅದನ್ನು ನಿಮಗೆ ಕೊಟ್ಟದ್ದು ನನ್ನದೇ ತಪ್ಪು, ಹನ್ನೊಂದು ಗಂಟೆಯೊಳಗೆ ಮೂವತ್ತೊಂದಕ್ಕೆ ಹೋಗಿಬಿಡಿ ಎಂದಳು.

"ಮೂವತ್ತೊಂದು ಅಂದ್ರೆ ಗಾಡೀನ ಹಿಂದಕ್ಕೆ ತಗೊಂಡು ನಿಲ್ಲಿಸೋ ಜಾಗ ಅಲ್ವಾ?" ಎಂದ ಎಲ್ಡನ್.

"ಹೌದು. ಅದ್ರಲ್ಲೇನಿದೆ? ನೀವು ಡ್ರೈವರಾಗಿದ್ದೋರು ತಾನೇ?"

ಡ್ರೈವರಾಗಿದ್ದದ್ದೇ ತೊಂದರೆ. ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಎಲ್ಡನ್ ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದ್ದ. ಆ ಬಸ್ಸನ್ನು ಹಿಂದಕ್ಕೆ ತೆಗೆಯಲೇಬಾರದೆಂದು ಶಾಲೆಯವರ ಕಟ್ಟುನಿಟ್ಟು. ಹಿಂದೆ ಯಾವ ಮಗು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿರುತ್ತದೋ ಯಾರು ಕಂಡರು? ಹೀಗಾಗಿ ಮೂವತ್ತೆಂಟು ವರ್ಷ ಅವನು ಮುಂದಕ್ಕೆ ಹೋದ, ಸುತ್ತು ಹೊಡೆದ, ಮತ್ತೆ ಮುಂದಕ್ಕೆ ಹೋದ. ಹಿಂದಕ್ಕೆ ಹೋಗುವ ವಿದ್ಯೆ ಅವನಿಗೆ ಹತ್ತಲೇ ಇಲ್ಲ. ನಿವೃತ್ತನಾಗಿ, ಮನೆ ಮಾರಿ, ಮೂವತ್ತನಾಲ್ಕು ಅಡಿ ಉದ್ದದ ಮನೆಗಾಡಿ ಕೊಂಡು, ಹೆಂಡತಿ ರಮೋನಾಳೊಂದಿಗೆ ವರ್ಷವಿಡೀ ರಸ್ತೆಯ ಮೇಲೆಯೇ ಸಂಸಾರ ಹೂಡಿ ಐದು ವರ್ಷವಾದರೂ ಹತ್ತಲಿಲ್ಲ. ಆದ್ದರಿಂದ ಎಲ್ಲಿ ಹೋದರೂ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳುವಂಥ ಜಾಗವನ್ನೇ ಅವನು ಕೇಳಿ ಪಡೆಯುತ್ತಿದ್ದ.

ಅಂಥ ಜಾಗ ಸಿಗದೆ ಆದ ಅನಾಹುತಗಳು ಎರಡು. ಮಿಸ್ಸೌರಿಯಲ್ಲಿ ಒಂದು ಮರದ ಬೆಂಚು ಸೌದೆಯಾಯಿತು. ಟೆಕ್ಸಾಸಿನಲ್ಲಿ ಒಂದು ಐಸ್‌ಕ್ರೀಂ ಅಂಗಡಿಯ ಬೋರ್ಡು ಮುರಿದುಬಿತ್ತು, ಅದರೊಂದಿಗೆ ಗಾಡಿಯ ಹಿಂಬದಿಯ ಕ್ಯಾಮೆರಾವೂ ಕಣ್ಣು ಮುಚ್ಚಿತು. ಆ ದಿನವೇ ರಮೋನಾ ಒಂದು ಕಾಗದ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: 'ಎಲ್ಡನ್ ಮೂರನೆಯ ಸಲ ಏನನ್ನಾದರೂ ಗುದ್ದಿದರೆ ಈ ಗಾಡಿ ಮಾರಿ ವಿಲ್ಮಾಳ ಪಕ್ಕದ ಮನೆ ಕೊಳ್ಳತಕ್ಕದ್ದು.' ಎಲ್ಡನ್‌ಗೆ ಮೈ ಉರಿಯಿತು. ಕೆಳಗೆ ತಾನೂ ಒಂದು ಸಾಲು ಸೇರಿಸಿದ: 'ರಮೋನಾ ಒಂದೇ ಒಂದು ಸಲ ಗುದ್ದಿದರೂ ಮತ್ತೆಂದೂ ಮನೆಯ ಮಾತು ಎತ್ತತಕ್ಕದ್ದಲ್ಲ.' ರಮೋನಾ ನಗುತ್ತ ಸಹಿ ಹಾಕಿದಳು. ಅವಳು ಜೀವಮಾನದಲ್ಲಿ ಒಂದು ಕಸದ ಡಬ್ಬಿಯನ್ನೂ ಗುದ್ದಿದವಳಲ್ಲ.

ವಿಲ್ಮಾ ಎಂದರೆ ನೆಬ್ರಾಸ್ಕಾದಲ್ಲೇ ಇರುವ ರಮೋನಾಳ ಅಕ್ಕ. ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಕೂತವರು ಎದ್ದ ಕೂಡಲೇ ಅದನ್ನು ಒರೆಸುವ ಹೆಂಗಸು. ಬೆಳಿಗ್ಗೆ ಏಳಕ್ಕೆ ಅಕ್ಕಪಕ್ಕದವರ ಮನೆಗೆ ಹೋಗಿ ಎಲ್ಲರೂ ಎದ್ದಿದ್ದಾರೆಯೇ ಎಂದು ವಿಚಾರಿಸುವುದು ಅವಳ ವ್ರತ. ಆದರೆ ಎಲ್ಡನ್‌ಗೆ ನಿಜವಾದ ಭಯ ವಿಲ್ಮಾಳದ್ದಲ್ಲ. ಮೂವತ್ತೆಂಟು ವರ್ಷ ಅವನು ಅದೇ ಇಪ್ಪತ್ತೆರಡು ಮೈಲಿ ದಾರಿಯಲ್ಲಿ ಅದೇ ಜೋಳದ ಹೊಲ, ಅದೇ ನೀರಿನ ಟ್ಯಾಂಕು ನೋಡಿದ್ದ. ಈಗ ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಒಂದು ದಿನ ಬೆಟ್ಟ, ಒಂದು ದಿನ ಕಡಲು, ಒಂದು ದಿನ ತನ್ನನ್ನೇ ದಿಟ್ಟಿಸುವ ಯಾವುದೋ ಕಾಡುಕತ್ತೆ. ಆ ಪರದೆಯಾಚೆ ಇನ್ನು ಸಾಯುವವರೆಗೂ ವಿಲ್ಮಾಳ ಗ್ಯಾರೇಜಿನ ಗೋಡೆಯೇ ಕಾಣುವಂತಾದರೆ ಆ ಸಾವು ಬೇಗ ಬರಲಿ ಎಂದು ಬೇಡಿಕೊಳ್ಳಬೇಕಾದೀತು ಎಂದೇ ಅವನು ನಂಬಿದ್ದ.

ಇನ್ನೊಂದು ದುರದೃಷ್ಟವೆಂದರೆ ರಮೋನಾ ಆಗ ಅಲ್ಲಿರಲಿಲ್ಲ. ಗಾಡಿಯ ಹಿಂದೆ ಕಟ್ಟಿಕೊಂಡು ತಿರುಗುವ ಪುಟ್ಟ ಕಾರನ್ನು ಬಿಚ್ಚಿಕೊಂಡು, ಹೆಣೆಯುವ ಉಲ್ಲನ್ ಮುಗಿದಿದೆ ಎಂದು ಎಂಟು ಗಂಟೆಗೇ ಪೇಟೆಗೆ ಹೊರಟುಹೋಗಿದ್ದಳು. ಪಾಪ, ನಿನ್ನೆಯಿಂದ ಅವಳು ಎಷ್ಟು ಒಳ್ಳೆಯವಳಾಗಿದ್ದಳೆಂದರೆ ಎಲ್ಡನ್‌ಗೆ ಅವಳನ್ನು ಬಯ್ದುಕೊಳ್ಳಲೂ ಮನಸ್ಸಾಗಲಿಲ್ಲ. ನಿನ್ನೆ ದಾರಿಯಲ್ಲಿ ಡೀಸೆಲ್ ಹಾಕಿಸಿ ಅವನು ಐಸು, ಕಡಲೆಬೀಜ ತರಲು ಅಂಗಡಿಯೊಳಗೆ ಹೋಗಿದ್ದಾಗ, ಹಿಂದಿನವರಿಗೆ ತೊಂದರೆಯಾಗದಿರಲೆಂದು ಕಾರನ್ನು ಬಿಚ್ಚಿ, ಹಿಂದೆ ಮುಂದೆ ಮಾಡಿ ತಾನೇ ಗಾಡಿಯನ್ನು ಪಂಪಿನಿಂದ ಆಚೆ ಸರಿಸಿ ನಿಲ್ಲಿಸಿ, ಕಾರನ್ನು ಮತ್ತೆ ಕಟ್ಟಿದ್ದಳು. ಇಲ್ಲಿಗೆ ಬಂದ ಮೇಲೆ, ನೀನು ದಿನವಿಡೀ ಓಡಿಸಿ ದಣಿದಿದ್ದೀಯ ಎಂದು, ಕೊಳಕು ನೀರಿನ ಕೊಳವೆಯನ್ನು ಗಾಡಿಯ ಹಿಂಬದಿಗೆ ಹೋಗಿ ತಾನೇ ಜೋಡಿಸಿದ್ದಳು. ಐದು ವರ್ಷದಲ್ಲಿ ಅವಳು ಆ ಕೊಳವೆಯ ಹತ್ತಿರ ಸುಳಿದದ್ದು ಅದೇ ಮೊದಲು. ದೂಳು ಹಿಡಿದ ಕಂಬಳಿಯನ್ನೂ ಕೊಡವಿ ಗಾಡಿಯ ಹಿಂಬದಿಯ ಏಣಿಗೆ ಹರಡಿದ್ದಳು. ಬೆಳಿಗ್ಗೆ ಕಾಫಿ ಕುಡಿಯುವಾಗ ದಿನವೂ ತಪ್ಪದೆ ಬರುತ್ತಿದ್ದ ವಿಲ್ಮಾಳ ಪಕ್ಕದ ಮನೆಯ ಸುದ್ದಿಯೂ ಇಂದು ಬಂದಿರಲಿಲ್ಲ. ಹೆಂಡತಿ ಕೊನೆಗೂ ರಸ್ತೆಯ ಬದುಕಿಗೆ ಒಗ್ಗಿಕೊಂಡಳು ಎಂದು ಎಲ್ಡನ್ ಒಳಗೊಳಗೇ ಹಿಗ್ಗಿದ್ದ.

ಅವಳು ಬರುವವರೆಗೆ ಕಾಯುತ್ತೇನೆ ಎಂದರೆ ಗ್ಲೆಂಡಾ ಒಪ್ಪಲಿಲ್ಲ. ಕಾದಿರಿಸಿದವರು ಆಗಲೇ ಗೇಟಿನಲ್ಲಿ ನಿಂತಿದ್ದರು.

ಒಬ್ಬ ಮನುಷ್ಯ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾನೆಂಬ ಸುದ್ದಿ ಇಂಥ ತಂಗುದಾಣಗಳಲ್ಲಿ ಹೇಗೆ ಹಬ್ಬುತ್ತದೋ ದೇವರಿಗೇ ಗೊತ್ತು. ಎಲ್ಡನ್ ಎಂಜಿನ್ ಚಾಲೂ ಮಾಡುವಷ್ಟರಲ್ಲಿ ಮೂವತ್ತೊಂದನೇ ಜಾಗದ ಎದುರು ಹತ್ತು ಮಡಿಸುವ ಕುರ್ಚಿಗಳು ಬಿಚ್ಚಿಕೊಂಡಿದ್ದವು. ಎಲ್ಲರೂ ಅರವತ್ತೈದು ದಾಟಿದವರು, ಎಲ್ಲರ ಕೈಯಲ್ಲೂ ಕಾಫಿ. ಅವರೆಲ್ಲ ತಂತಮ್ಮ ಕಾಲದಲ್ಲಿ ಇದೇ ರೀತಿ ಮಾನ ಕಳೆದುಕೊಂಡವರೇ ಆದ್ದರಿಂದ ಈಗ ನೋಡುವುದು ತಮ್ಮ ಹಕ್ಕೆಂದು ತಿಳಿದಿದ್ದರು.

ಎಲ್ಲರಿಗಿಂತ ಮುಂದೆ ಲೊವೆಲ್. ಮಿನಸೋಟಾದವನು, ಮೂರು ಚಳಿಗಾಲದಿಂದ ಪರಿಚಯ. ಅವನಿಗೆ ತಿಳಿಯದ ವಿಷಯವೆಂಬುದು ಪ್ರಪಂಚದಲ್ಲಿರಲಿಲ್ಲ, ಕಡೇ ಪಕ್ಷ ಅವನ ಪ್ರಪಂಚದಲ್ಲಿರಲಿಲ್ಲ. ಎಲ್ಡನ್‌ಗೆ ಅವಸರವೆಂದು ನೀರು, ಕರೆಂಟು, ಕೊಳವೆಗಳನ್ನೆಲ್ಲ ಅವನೇ ಕಿತ್ತು ಸುತ್ತಿಟ್ಟಿದ್ದ. ಈಗ ಗಾಡಿಯ ಎಡಕ್ಕೆ ನಿಂತು, "ನನ್ನ ಕೈ ಒಂದನ್ನೇ ನೋಡು ಮಾರಾಯ, ಬೇರೆ ಯಾರನ್ನೂ ನೋಡಬೇಡ," ಎಂದ. ಬಲಕ್ಕೆ ನಿಂತವಳು ಡಾಟಿ, ವಿಧವೆ, ಕಂಕುಳಲ್ಲಿ ಸದಾ ಒಂದು ಪುಟ್ಟ ನಾಯಿ. ಅವಳೂ ಅದೇ ಮಾತನ್ನು ಹೇಳಿದಳು.

ಎಲ್ಡನ್ ಎರಡೂ ಕನ್ನಡಿ ನೋಡಿದ. ಎಡಗನ್ನಡಿಯಲ್ಲಿ ಲೊವೆಲ್ ಬಾ ಬಾ ಎನ್ನುತ್ತಿದ್ದ. ಬಲಗನ್ನಡಿಯಲ್ಲಿ ಡಾಟಿ ಒಂದು ಕೈಯಿಂದ ನಿಲ್ಲು ಎನ್ನುತ್ತಿದ್ದಳು, ಇನ್ನೊಂದು ಕೈಯಿಂದ ನಾಯಿಯನ್ನು ಹಿಡಿಯುತ್ತಿದ್ದಳು. ನಾಯಿ ಕೊಸರಿದಾಗಲೆಲ್ಲ ಆ ಕೈಯೂ ಬಾ ಎಂದಂತೆ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತವರು ಕೂತಲ್ಲಿಂದಲೇ ಎಡಕ್ಕೆ, ಬಲಕ್ಕೆ ಎಂದು ಹಂಚಿಕೊಂಡು ಕೂಗುತ್ತಿದ್ದರು. ಎಲ್ಡನ್‌ಗೆ ಅಂಗೈ ಬೆವೆತು ಸ್ಟಿಯರಿಂಗ್ ಜಾರತೊಡಗಿತು. ಒಂದು ಅಡಿ ಹಿಂದೆ, ನಿಲುಗಡೆ. ಮತ್ತೊಂದು ಅಡಿ, ನಿಲುಗಡೆ. ಹೀಗೇ ಹೋಗುತ್ತ ಹೋಗುತ್ತ ಅವನಿಗೆ ಒಂಚೂರು ಧೈರ್ಯ ಬಂತು. ಧೈರ್ಯದ ಜೊತೆಗೆ ಕಾಲೂ ಒಂಚೂರು ಹೆಚ್ಚು ಒತ್ತಿತು. ಗಾಡಿ ಜಗ್ಗನೆ ಹಿಂದಕ್ಕೆ ಹಾರಿತು. ಗಾಬರಿಯಾಗಿ ಬ್ರೇಕು ತುಳಿದ.

ಢಂ ಎಂದು ಸದ್ದಾಯಿತು.

ಕುರ್ಚಿಗಳವರು ಕತ್ತು ಚಾಚಿದರು. ಎಲ್ಡನ್‌ಗೆ ವಿಲ್ಮಾಳ ಗ್ಯಾರೇಜಿನ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಕಣ್ಣಿಗೆ ಕಟ್ಟಿತು. ಇಳಿದು ಹಿಂದಕ್ಕೆ ಹೋದ. ಏಣಿಯ ಮೇಲಿದ್ದ ಕಂಬಳಿ ನೆಲಕ್ಕೆ ಬಿದ್ದಿತ್ತು. ಅದಿದ್ದ ಜಾಗದಲ್ಲಿ, ಗಾಡಿಯ ಬಿಳಿಯ ಬೆನ್ನಿನ ಮೇಲೆ, ಊಟದ ತಟ್ಟೆಯಷ್ಟು ಅಗಲದ ತಗ್ಗು. ತಗ್ಗಿನ ನಡುವೆ ಹಳದಿ ಬಣ್ಣದ ಗೀರು. ಹಿಂದೆ, ಜಾಗದ ಗುರುತಿಗೆಂದು ಗ್ಲೆಂಡಾ ಸುಣ್ಣ ಬಳಿಸಿದ್ದ ಎದೆಯೆತ್ತರದ ಬಂಡೆ.

"ಬಂಡೆಗೂ ಗಾಡಿಗೂ ನಡುವೆ ನನ್ನ ಕೈ ಹೋಗ್ತದೆ ಕಣ್ರೀ," ಎಂದಳು ಡಾಟಿ, ಕೈ ತೂರಿಸಿ ನೋಡುತ್ತ.

"ಗುದ್ದಿದ ಮೇಲೆ ಗಾಡಿ ಪುಟಿದು ಮುಂದಕ್ಕೆ ಬರ್ತದಮ್ಮಾ. ಅದು ಭೌತಶಾಸ್ತ್ರ," ಎಂದ ಲೊವೆಲ್.

ಬಂಡೆ ಬಿಳಿ, ಗಾಡಿ ಬಿಳಿ, ಹಳದಿ ಎಲ್ಲಿಂದ ಬಂತು ಎಂದು ಕುರ್ಚಿಯಲ್ಲಿದ್ದ ಯಾರೋ ಕೇಳಿದರು. ಬಣ್ಣದ ಕೆಳಗೆ ಕಾರ್ಖಾನೆಯವರು ಬಳಿಯುವ ಮೊದಲ ಪದರ ಅದು, ಎಲ್ಲ ಗಾಡಿಗೂ ಒಳಗೆ ಹಳದಿಯೇ ಎಂದು ಲೊವೆಲ್ ಅದಕ್ಕೂ ಉತ್ತರ ಕೊಟ್ಟ. ಅವನು ಹೇಳುವ ಧಾಟಿ ನೋಡಿದರೆ ಆ ಕಾರ್ಖಾನೆಯಲ್ಲಿ ಬ್ರಷ್ ಹಿಡಿದವನೇ ಅವನಿರಬೇಕು ಎನ್ನುವಂತಿತ್ತು. ಎಲ್ಡನ್ ಒಳಗೆ ಹೋಗಿ ನೋಡಿದ. ಒಲೆಯ ಮೇಲಿದ್ದ ಕಬ್ಬಿಣದ ಪಾತ್ರೆ ನೆಲಕ್ಕುರುಳಿ, ನಿನ್ನೆಯ ಹುರುಳಿಕಾಯಿ ಬಾಗಿಲವರೆಗೆ ಹರಡಿತ್ತು. ಗುದ್ದಿದ ರಭಸ ಎಷ್ಟಿರಬೇಡ ಎಂದುಕೊಂಡು ಅದನ್ನು ಬಳಿದು ಹಾಕಿದ. ಗಾಡಿ ಹೊರಡಿಸುವ ಮೊದಲು ಪಾತ್ರೆ ಪಗಡ ಎತ್ತಿಡುವುದು ರಮೋನಾಳ ಕೆಲಸವಾಗಿತ್ತು. ಅವನಿಗೆ ಅದು ನೆನಪಾಗಿರಲೇ ಇಲ್ಲ.

ಎಲ್ಡನ್ ಹೊರಗೆ ಬಂದು, ಕೈಮುಗಿಯುವುದೊಂದು ಬಾಕಿ ಎನ್ನುವಂತೆ, ರಮೋನಾಳಿಗೆ ಮಾತ್ರ ಹೇಳಬೇಡಿ ಎಂದು ಎಲ್ಲರಲ್ಲೂ ಬೇಡಿಕೊಂಡ. ಫ್ರಿಜ್ಜಿನ ಮೇಲಿನ ಕಾಗದದ ಕತೆಯನ್ನೂ ಹೇಳಿದ. ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಅರ್ಧ ಗಂಟೆಯ ನಂತರ ಅವನು ನಲ್ಲಿಯ ಹತ್ತಿರ ಹೋದಾಗ, ಮುಖವನ್ನೇ ನೋಡಿರದ ಒಬ್ಬ ಮುದುಕ, ನೆಬ್ರಾಸ್ಕಾಕ್ಕೆ ಹೋಗ್ತಿರೋರು ನೀವೇ ಅಲ್ವಾ, ಅಲ್ಲಿ ಚಳಿ ಜಾಸ್ತಿ ಎಂದು ಅನುಕಂಪದಿಂದ ಹೇಳಿದ.

ಮೊದಲ ಉಪಾಯ ಲೊವೆಲ್‌ನದು. ತಗ್ಗಿನ ಮೇಲೆ ಕುದಿಯುವ ನೀರು ಸುರಿದು, ಪಾಯಿಖಾನೆ ಕಟ್ಟಿಕೊಂಡಾಗ ಒತ್ತುವ ರಬ್ಬರಿನ ಬಟ್ಟಲನ್ನು ಅದಕ್ಕೆ ಅಂಟಿಸಿ ಎಳೆದರೆ ತಗ್ಗು ಟಪ್ ಎಂದು ಹೊರಗೆ ಬರುತ್ತದಂತೆ. ನೀರು ಸುರಿದದ್ದಾಯಿತು. ರಬ್ಬರಿನ ಬಟ್ಟಲು ಅಂಟಿಕೊಂಡದ್ದೂ ಆಯಿತು. ಎಷ್ಟು ಚೆನ್ನಾಗಿ ಅಂಟಿತೆಂದರೆ ಬರಲೇ ಇಲ್ಲ. ಲೊವೆಲ್ ಎಳೆದ. ಲೊವೆಲ್‌ನ ಸೊಂಟ ಹಿಡಿದು ಎಲ್ಡನ್ ಎಳೆದ. ಎಲ್ಡನ್‌ನ ಸೊಂಟ ಹಿಡಿದು ನಲ್ಲಿಯ ಹತ್ತಿರ ಸಿಕ್ಕಿದ್ದ ಮುದುಕ ಎಳೆದ. ಕೊನೆಗೆ ಹಿಡಿ ಕಿತ್ತುಬಂದು ಮೂವರೂ ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಕುರ್ಚಿಗಳವರು ಚಪ್ಪಾಳೆ ತಟ್ಟಿದರು. ಬಟ್ಟಲನ್ನು ಚಾಕುವಿನಿಂದ ಕುಯ್ದು ತೆಗೆಯುವಷ್ಟರಲ್ಲಿ ಹನ್ನೆರಡೂವರೆ. ತಗ್ಗು ಇದ್ದಂತೆಯೇ ಇತ್ತು. ಜೊತೆಗೆ ಅದರ ಸುತ್ತ ಒಂದು ಕರಿಯ ಬಳೆಯೂ ಬಂದಿತ್ತು.

ಎರಡನೆಯ ಉಪಾಯ ಎಲ್ಡನ್‌ನದೇ. ಕಂಬಳಿಯನ್ನು ಮತ್ತೆ ಏಣಿಗೆ ಹಾಕಿಬಿಟ್ಟ. ಎರಡು ನಿಮಿಷವೂ ಆಗಿರಲಿಲ್ಲ, ಗ್ಲೆಂಡಾ ಹಲಗೆ ಹಿಡಿದು ಬಂದಳು. ಗಾಡಿಯ ಹೊರಗೆ ಬಟ್ಟೆ ಒಣಹಾಕುವಂತಿಲ್ಲ, ಏಳನೇ ನಿಯಮ, ನಿನ್ನೆಯೇ ಹೇಳಬೇಕೆಂದಿದ್ದೆ ಎಂದು ತಾನೇ ಕಂಬಳಿಯನ್ನು ಮಡಿಸಿ ಅವನ ಕೈಗಿಟ್ಟು ಹೋದಳು.

ರಮೋನಾ ಬರುವುದು ಎರಡು ಗಂಟೆಗೆ. ಎಲ್ಡನ್ ಮೆಟ್ಟಿಲ ಮೇಲೆ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟ. ಅವನ ಮುಖ ನೋಡಿ ಡಾಟಿಗೆ ಕರುಳು ಚುರ್ ಎಂದಿರಬೇಕು. ನಾಯಿಯನ್ನು ಅವನ ಮಡಿಲಿಗೆ ಹಾಕಿ ತನ್ನ ಗಾಡಿಗೆ ಹೋಗಿ ಒಂದು ಉದ್ದನೆಯ ಸುರುಳಿ ತಂದಳು. ದೇಶದ ನಕ್ಷೆ. ರಾತ್ರಿ ಮಲಗಿ ಎದ್ದ ರಾಜ್ಯಕ್ಕೆ ಒಂದೊಂದು ಬಣ್ಣದ ತುಂಡು ಅಂಟಿಸುತ್ತ ಹೋಗುವಂಥದ್ದು, ಇಲ್ಲಿ ಎರಡು ಗಾಡಿಗೊಂದರ ಬೆನ್ನ ಮೇಲೆ ಇರುತ್ತದೆ.

"ನಮ್ಮ ಯಜಮಾನ್ರು ರೇ ತಂದಿದ್ದು. ಅಂಟಿಸೋಕೆ ಮುಂಚೇನೇ ಅವ್ರು ಹೊರಟೋದ್ರು," ಎಂದಳು. "ನಾಲ್ಕು ವರ್ಷದಿಂದ ಮಂಚದ ಕೆಳಗಿದೆ. ನಿಮಗಾದ್ರೂ ಉಪಯೋಗಕ್ಕೆ ಬರ್ಲಿ."

ಎಲ್ಡನ್ ಸುರುಳಿ ಬಿಚ್ಚಿ ನೋಡಿದ. ರಮೋನಾ ಇಂಥದೊಂದು ನಕ್ಷೆಗಾಗಿ ಐದು ವರ್ಷದಿಂದ ಕೇಳುತ್ತಿದ್ದಳು. ಗಾಡಿಯೇನು ಶಾಲೆಯ ಗೋಡೆಯೇ ಎಂದು ಅವನೇ ಬೇಡವೆನ್ನುತ್ತ ಬಂದಿದ್ದ. ಈಗ ಅದೇ ನಕ್ಷೆ ಅವನನ್ನು ಉಳಿಸಬೇಕಾಗಿತ್ತು. ಲೊವೆಲ್ ತನ್ನ ಪೆಟ್ಟಿಗೆಯಿಂದ ಒಂದು ವಿಶೇಷ ಗೋಂದು ತಂದು, ಇನ್ನು ಚಂಡಮಾರುತ ಬಂದರೆ ಗಾಡಿ ಹಾರೀತೇ ಹೊರತು ನಕ್ಷೆ ಹಾರುವುದಿಲ್ಲ ಎಂದ. ಎಲ್ಲರೂ ಸೇರಿ ನೀವಿ ನೀವಿ ಅಂಟಿಸಿದರು. ತಗ್ಗು ಸರಿಯಾಗಿ ದೇಶದ ನಟ್ಟನಡುವೆ, ನೆಬ್ರಾಸ್ಕಾದ ಕೆಳಗೆ ಬಂತು. ನೆಬ್ರಾಸ್ಕಾ ಒಂಚೂರು ಒಳಕ್ಕೆ ಹೋದಂತೆ ಕಾಣುತ್ತಿತ್ತು. ಅದು ಮೊದಲೇ ಚಪ್ಪಟೆ ನಾಡು, ಯಾರೂ ಅದನ್ನು ನಿಂತು ನೋಡುವುದಿಲ್ಲ ಎಂದು ಲೊವೆಲ್ ಸಮಾಧಾನ ಹೇಳಿದ. ತನ್ನ ನಾಡಿನ ಅವಮಾನವನ್ನು ಎಲ್ಡನ್ ಆ ದಿನ ನುಂಗಿಕೊಂಡ.

ಎರಡು ಗಂಟೆಗೆ ಸರಿಯಾಗಿ ಪುಟ್ಟ ಕಾರು ಬಂತು. ಗಾಡಿ ಹದಿನಾಲ್ಕರಲ್ಲಿ ಇಲ್ಲದ್ದನ್ನು ನೋಡಿ ರಮೋನಾ ಅದನ್ನು ಹುಡುಕಿಕೊಂಡು ಓಡೋಡಿಯೇ ಬಂದಳು. ಬಂದವಳು ಬಾಗಿಲಿಗೆ ಹೋಗದೆ ನೇರ ಗಾಡಿಯ ಹಿಂದಕ್ಕೆ ಹೋದಳು. ಅವಳು ನಕ್ಷೆಯ ಎದುರು ನಿಂತಳು. ನಿಂತೇ ಇದ್ದಳು. ಮುಖದ ಬಣ್ಣ ಹೋಗಿ, ಬಂದು, ಮತ್ತೆ ಹೋಯಿತು.

"ಇದನ್ನ ಯಾರು ಅಂಟಿಸಿದ್ದು?"

"ನಾನೇ. ನಿನಗೆ ಇಷ್ಟ ಅಂತ."

"ಕಂಬಳಿ ತೆಗೆದು ಅಂಟಿಸ್ದ್ಯಾ?"

"ಹೌದು. ಏಳನೇ ನಿಯಮ."

"ಅಂಟಿಸೋವಾಗ... ಅಲ್ಲೇನೂ ಕಾಣಲಿಲ್ವಾ?"

"ಏನೂ ಇಲ್ಲ. ಅಂಗೈ ಇದ್ದ ಹಾಗಿತ್ತು," ಎಂದ ಎಲ್ಡನ್, ಅಂಗೈ ಒರೆಸಿಕೊಳ್ಳುತ್ತ.

ರಮೋನಾ ಅವನ ಮುಖವನ್ನು ದಿಟ್ಟಿಸಿದಳು. ಕಣ್ಣಲ್ಲಿ ನೀರು ತುಂಬಿತು. ಎಲ್ಲರೆದುರೂ ಅವನ ಕುತ್ತಿಗೆಗೆ ಕೈಹಾಕಿ ತಬ್ಬಿಕೊಂಡಳು. ಕುರ್ಚಿಗಳವರು ಮೂಗು ಒರೆಸಿಕೊಂಡರು. ಡಾಟಿಯಂತೂ ರೇ ಇದ್ದಿದ್ದರೆ ಎಂದು ಬಿಕ್ಕಿದಳು.

ಆಮೇಲೆ ರಮೋನಾ ತೋರಿಸಿದ ಪ್ರೀತಿಗೆ ಲೆಕ್ಕವೇ ಇಲ್ಲ. ಅವನ ಕಾಲಿನಿಂದ ಬೂಟು ತಾನೇ ಬಿಚ್ಚಿದಳು. ಹೊಸ ಜಾಗಕ್ಕೆ ಹೇಗೆ ತಂದೆ ಎಂದು ಒಂದು ಮಾತೂ ಕೇಳಲಿಲ್ಲ. ಪೇಟೆಯಿಂದ ಅವನಿಗೆ ಪ್ರಾಣವಾದ ತೆಂಗಿನಕಾಯಿ ಕೆನೆಯ ಪೈ ತಂದಿದ್ದಳು. ಸಕ್ಕರೆ ಹೆಚ್ಚೆಂದು ಮೂರು ವರ್ಷದಿಂದ ಅವಳೇ ಬಿಡಿಸಿದ್ದ ತಿಂಡಿ ಅದು. ನಾಲ್ಕು ಗಂಟೆಗೆ ಎಲ್ಲರೂ ಸೇರುವಾಗ ತಿನ್ನೋಣ, ನಿನ್ನ ಹತ್ತಿರ ಒಂದು ಮಾತೂ ಆಡುವುದಿದೆ ಎಂದಳು.

ಒಂದು ಮಾತು ಎಂದ ಕೂಡಲೇ ಎಲ್ಡನ್‌ಗೆ ಅನ್ನ ನೀರು ಸೇರದಂತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಜಾತಿಯವನು ಅವನು. ಇವಳಿಗೆ ಗೊತ್ತಾಗಿದೆ. ಯಾರೋ ಮಾತು ಮುರಿದಿದ್ದಾರೆ. ಗೊತ್ತಿದ್ದೂ ಬಯ್ಯದೆ ಪೈ ತಿನ್ನಿಸುತ್ತಿದ್ದಾಳೆ, ನಾನಾಗಿಯೇ ಹೇಳುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದಾಳೆ. ಮಂಚದ ಮೇಲೆ ಉರುಳಾಡುತ್ತ ಅವನು ನಾಲ್ಕು ಗಂಟೆಯವರೆಗೆ ಇದನ್ನೇ ಎಣಿಸಿದ. ನಲವತ್ತಮೂರು ವರ್ಷ ಜೊತೆಗೆ ಬಾಳಿದವಳಿಗೆ, ಸತ್ತವನ ನಕ್ಷೆಯನ್ನು ಮುಂದಿಟ್ಟುಕೊಂಡು ಸುಳ್ಳು ಹೇಳಿದೆನಲ್ಲ ಎಂದು ಅವನು ದಿಂಬಿಗೆ ಮುಖ ಒತ್ತಿಕೊಂಡ.

ನಾಲ್ಕಕ್ಕೆ ಕುರ್ಚಿಗಳೆಲ್ಲ ದುಂಡಗೆ ಕೂಡಿದವು. ದಿನವೂ ಆ ಹೊತ್ತಿಗೆ ಅಲ್ಲಿನವರು ತಂತಮ್ಮ ಗ್ಲಾಸು, ತಂತಮ್ಮ ತಿಂಡಿ ಹಿಡಿದುಕೊಂಡು ಬಂದು ಕೂರುವ ರೂಢಿ. ರಮೋನಾ ಪೈ ಕುಯ್ದು ಮೊದಲ ತುಂಡನ್ನು ಎಲ್ಡನ್‌ನ ತಟ್ಟೆಗೆ ಹಾಕಿದಳು. ಗಂಟಲು ಸರಿಮಾಡಿಕೊಂಡು, "ಎಲ್ಡನ್," ಎಂದಳು.

ಅಷ್ಟು ಸಾಕಾಯಿತು. ಎಲ್ಡನ್ ತಟ್ಟೆಯನ್ನು ಕೆಳಗಿಟ್ಟು ಎದ್ದುನಿಂತ.

"ನೀನು ಏನೂ ಹೇಳ್ಬೇಡ ರಮೋನಾ. ನಾನೇ ಹೇಳ್ತೀನಿ. ಗುದ್ದಿದ್ದು ನಾನು. ಬೆಳಿಗ್ಗೆ ಹನ್ನೊಂದಕ್ಕೆ, ಆ ಬಂಡೆಗೆ. ನಕ್ಷೆ ಅಂಟಿಸಿದ್ದು ಪ್ರೀತಿಗಲ್ಲ, ತಗ್ಗು ಮುಚ್ಚೋಕೆ. ಮೂರಕ್ಕೆ ಮೂರೂ ಆಯ್ತು. ಗಾಡಿ ಮಾರೋಣ. ವಿಲ್ಮಾ ಪಕ್ಕದ ಮನೇನೇ ತಗೊಳ್ಳೋಣ."

ಎಲ್ಲರ ಕೈಯ ಗ್ಲಾಸೂ ಅಲ್ಲಲ್ಲೇ ನಿಂತಿತು. ರಮೋನಾ ಬಾಯಿ ತೆರೆದಳು, ಮುಚ್ಚಿದಳು. ನಕ್ಷೆಯ ಕಡೆ ನೋಡಿದಳು, ಬಂಡೆಯ ಕಡೆ ನೋಡಿದಳು, ಕೊನೆಗೆ ಲೊವೆಲ್‌ನ ಕಡೆ ನೋಡಿದಳು.

"ಹೌದಮ್ಮಾ," ಎಂದ ಲೊವೆಲ್ ಗಂಭೀರವಾಗಿ. "ನಾನೇ ಕಣ್ಣಾರೆ ನೋಡ್ದೆ."

ರಮೋನಾ ಕೈಯಲ್ಲಿದ್ದ ಚಾಕುವನ್ನು ಪೈಯ ಪಕ್ಕ ಇಟ್ಟಳು. ಆಮೇಲೆ ಎಲ್ಡನ್‌ನ ಕೈಹಿಡಿದು ಕೂರಿಸಿ, ಹೋಗಲಿ ಬಿಡು, ನಿಜ ಹೇಳಿದೆಯಲ್ಲ ಎಂದಳು. ಮನೆಯ ಬಗ್ಗೆ ಒಂದು ಶಬ್ದವನ್ನೂ ಆಡಲಿಲ್ಲ. ವಿಲ್ಮಾಗೆ ಹೇಳಬೇಡವೇ ಎಂದು ಅವನೇ ಕೇಳಿದಾಗ, "ನಾನಂತೂ ಆ ಮಾತು ಎತ್ತಲ್ಲಪ್ಪ, ನೀನೇ ಹೇಳು," ಎಂದು ಫೋನನ್ನು ಅವನ ಕೈಗೆ ಕೊಟ್ಟಳು. ಎಷ್ಟು ದೊಡ್ಡ ಮನಸ್ಸು ಎಂದು ಕುರ್ಚಿಗಳಲ್ಲಿ ಗುಸುಗುಸು ಹಬ್ಬಿತು. ಎಲ್ಡನ್ ಫೋನ್ ಮಾಡಿದ. ಅತ್ತ ಕಡೆಯಿಂದ ಬಂದ ಹರ್ಷದ ಕೂಗಿಗೆ ಡಾಟಿಯ ನಾಯಿ ಬೊಗಳಿತು. ಪಕ್ಕದ ಮನೆಯವರಿಗೆ ಈಗಲೇ ಹೋಗಿ ಮಾತು ಕೊಟ್ಟು ಬರುತ್ತೇನೆ, ಆದರೆ ನಮ್ಮ ಓಣಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ, ಬರುವಾಗ ಹಿಂದಕ್ಕೇ ತೆಗೆದುಕೊಂಡು ಬಾ ಎಂದಳು ವಿಲ್ಮಾ.

ಬಿಸಿಲು ಇಳಿದು ಚಳಿ ಹತ್ತಿದಾಗ ರಮೋನಾ ತನ್ನ ಚೀಲದಿಂದ ಶಾಲು ತಂದುಕೊಡೆಂದಳು. ಎಲ್ಡನ್ ಒಳಗೆ ಹೋಗಿ ಚೀಲಕ್ಕೆ ಕೈಹಾಕಿದ. ಶಾಲಿನ ಕೆಳಗೆ ಉಲ್ಲನ್ ಇರಲಿಲ್ಲ. ಗಾಡಿಗೆ ಬಳಿಯುವ ಬಿಳಿ ಬಣ್ಣದ ಒಂದು ಪುಟ್ಟ ಡಬ್ಬಿ, ತಗ್ಗು ತುಂಬುವ ಮೆತ್ತು, ಉಪ್ಪುಕಾಗದ, ಒಂದು ಬ್ರಷ್.

ಎಲ್ಡನ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತ. ಅವಳು ಪೇಟೆಗೆ ಹೋದದ್ದು ಎಂಟು ಗಂಟೆಗೆ. ತಾನು ಗುದ್ದಿದ್ದು ಹನ್ನೊಂದಕ್ಕೆ. ಯಾರೂ ಅವಳಿಗೆ ಫೋನ್ ಮಾಡಿರಲಿಲ್ಲ. ನಿಧಾನವಾಗಿ, ಬೆಟ್ಟ ಹತ್ತುವ ಹಳೆಯ ಬಸ್ಸಿನಂತೆ ಏದುಸಿರು ಬಿಡುತ್ತ, ಅವನ ಬುದ್ಧಿ ಮೇಲಕ್ಕೇರಿತು. ಡೀಸೆಲ್ ಪಂಪಿನ ಪಕ್ಕ ಕಾವಲಿಗೆ ನೆಟ್ಟ ಹಳದಿ ಕಂಬಗಳು. ತಾನಾಗಿಯೇ ಗಾಡಿ ಸರಿಸಿದ ಹೆಂಡತಿ. ಹಿಂಬದಿಗೆ ಅವನು ಹೋಗದಂತೆ ಅವಳೇ ಹಿಡಿದ ಕೊಳಕು ಕೊಳವೆ. ಏಣಿಯ ಮೇಲೆ ಹರಡಿದ ಕಂಬಳಿ. ಮತ್ತೆ ಆ ಢಂ ಎಂಬ ಸದ್ದು: ಒಲೆಯ ಮೇಲಿಂದ ನೆಲಕ್ಕೆ ಬಿದ್ದ ಕಬ್ಬಿಣದ ಪಾತ್ರೆ.

ಅವನು ಬಂಡೆಯನ್ನು ಮುಟ್ಟಿಯೂ ಇರಲಿಲ್ಲ. ಜೀವನದಲ್ಲಿ ಮೊಟ್ಟಮೊದಲ ಸಲ ಮೂವತ್ತನಾಲ್ಕು ಅಡಿ ಗಾಡಿಯನ್ನು ಒಂದು ಗೀರೂ ಬೀಳದಂತೆ ಹಿಂದಕ್ಕೆ ತಂದು ನಿಲ್ಲಿಸಿದ್ದ.

ಹೊರಗೆ ಬಂದು ಡಬ್ಬಿಯನ್ನು ರಮೋನಾಳ ಮುಂದೆ ಹಿಡಿದ. ಉಳಿದವರೆಲ್ಲ ಎದ್ದುಹೋಗಿದ್ದರು. ಅವಳು ಡಬ್ಬಿಯನ್ನು ನೋಡಿ ತಲೆ ತಗ್ಗಿಸಿದಳು.

"ಹೇಳ್ಬೇಕು ಅಂತಾನೇ ಪೈ ತಂದಿದ್ದೆ ಕಣೋ. ಬಾಯಿ ತೆಗೆಯೋಷ್ಟರಲ್ಲಿ ನೀನು ಎದ್ದು ನಿಂತ್ಕೊಂಡೆ."

"ಹಾಗಾದ್ರೆ ಗೆದ್ದಿದ್ದು ನಾನು. ಗುದ್ದಿದ್ದು ನೀನು. ಇನ್ನು ನೀನು ಮನೆ ಮಾತು ಎತ್ತೋ ಹಾಗಿಲ್ಲ. ಕಾಗದದಲ್ಲಿ ಬರೆದಿದೆ."

"ಎತ್ತಿದ್ದೀನಾ?" ಎಂದಳು ರಮೋನಾ ಮೆಲ್ಲಗೆ. "ನಿನ್ನೆ ಆ ಕಂಬಕ್ಕೆ ತಾಗಿದಾಗಿಂದ ಒಂದು ಸಲ ಎತ್ತಿದ್ದೀನಾ ಹೇಳು. ಬೆಳಿಗ್ಗೆ ಕಾಫಿಗೂ ಎತ್ತಲಿಲ್ಲ. ಇಷ್ಟೊಂದು ಜನರ ಮುಂದೆ ಎತ್ತಿದ್ದು ನೀನು. ವಿಲ್ಮಾಗೆ ಫೋನ್ ಮಾಡಿದ್ದು ನೀನು. ನಾನು ಕೊಟ್ಟ ಮಾತಿಗೆ ತಪ್ಪಿಲ್ಲ."

ಎಲ್ಡನ್ ಗಾಡಿಯ ಹಿಂದಕ್ಕೆ ಹೋದ. ನಕ್ಷೆಯ ಅಂಚಿಗೆ ಉಗುರು ಹಾಕಿ ನೋಡಿದ. ಲೊವೆಲ್‌ನ ಗೋಂದು ಲೊವೆಲ್‌ನ ಮಾತಿನಂತಲ್ಲ, ನಿಜಕ್ಕೂ ಗಟ್ಟಿಯಾಗಿತ್ತು. ಹಳದಿ ಗೀರು, ಅವನ ಏಕೈಕ ಸಾಕ್ಷಿ, ರೇ ಬಿಟ್ಟುಹೋದ ದೇಶದ ನಡುವೆ ಭದ್ರವಾಗಿ ಹೂತುಹೋಗಿತ್ತು. ಆಚೆ ಗಾಡಿಯ ಕಿಟಕಿಯಿಂದ ಡಾಟಿ ಆ ನಕ್ಷೆಯನ್ನೇ ನೋಡುತ್ತ, ನಾಯಿಯ ಮುಂಗಾಲು ಹಿಡಿದು ಅವನತ್ತ ಆಡಿಸಿದಳು. ಅವನು ಉಗುರು ತೆಗೆದ.

ಅಷ್ಟರಲ್ಲಿ ಫೋನ್ ಮೊಳಗಿತು. ಪಕ್ಕದ ಮನೆಯವರು ಒಪ್ಪಿದ್ದಾರೆ, ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಎದ್ದಿರಿ ಎಂದು ವಿಲ್ಮಾ ಹೇಳುವುದು ಅವನಿಗೆ ಅಲ್ಲಿಯವರೆಗೂ ಕೇಳಿಸಿತು. ಎಲ್ಡನ್ ವಾಪಸು ಬಂದು ಕುರ್ಚಿಯಲ್ಲಿ ಕುಳಿತ. ರಮೋನಾ ಅವನ ತಟ್ಟೆಗೆ ಉಳಿದ ಪೈಯನ್ನೆಲ್ಲ ಹಾಕಿದಳು. ಅವನು ಒಂದು ಚಮಚ ಬಾಯಿಗಿಟ್ಟ. ಪೈ ಬಹಳ ಚೆನ್ನಾಗಿತ್ತು, ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.